ಹನ್ನೊಂದನೇ ಹೋಲಿನ ಬಿಳಿ ಬೆಡ್‌ಶೀಟ್

ಫೆಬ್ರವರಿ ೮

ಅಕ್ಕಾ,

ಇದನ್ನು ಫೋನಿನಲ್ಲಿ ಹೇಳಲು ಆಗುವುದಿಲ್ಲ. ಫೋನು ಅಮ್ಮನ ಮಂಚದ ಪಕ್ಕ ಇರುವ ತನಕ ನಾವಿಬ್ಬರೂ ಹವಾಮಾನ ವರದಿ ಓದುವವರ ಹಾಗೆ ಮಾತಾಡುವುದೇ ಗತಿ. ನಾನೀಗ ಕೇಳುತ್ತಿರುವುದು ಸ್ವಲ್ಪ ಕಳ್ಳ ಕೆಲಸ. ಅಮ್ಮನಿಗೆ ತಿಳಿದರೆ ಕಂಡವರ ಮಾತಿಗೆಲ್ಲ ಕಿವಿ ಕೊಡುತ್ತೀಯಾ ಎಂದು ಬೈಯುತ್ತಾಳೆ.

ಗಾಲ್ಫ್ ಮೈದಾನ ಕಟ್ಟುವ ಈ ಕಂಪನಿಯವರು ಇಷ್ಟು ದೂರ ನನ್ನನ್ನು ಕರೆಸಿಕೊಂಡದ್ದು ನಿನ್ನ ಮನೆ ಪಕ್ಕದಲ್ಲಿ ನಾನು ನಕ್ಷೆ ಬರೆದ ಆ ಒಂದು ಹನ್ನೊಂದನೇ ಹೋಲಿನ ದೆಸೆಯಿಂದ. ಪತ್ರಿಕೆಗಳಲ್ಲಿ ಅದರ ಫೋಟೋ ಬಂದಾಗಿನಿಂದ ಗಾಲ್ಫ್ ಮೈದಾನ ಮಾಡಿಸುವವರಿಗೆಲ್ಲ ಅದೇ ಬೇಕು. ನೇರವಾಗಿ ಹೊರಡುವ ಹುಲ್ಲಿನ ದಾರಿ, ನಿನ್ನ ಮನೆಯ ಮೂಲೆಯಲ್ಲಿ ಬಲಕ್ಕೆ ಒಂದು ತಿರುವು, ಚೆಂಡು ಕೊನೆಗೆ ಬೀಳಬೇಕಾದ ಕುಳಿಯನ್ನು ತೋರಿಸುತ್ತಾ ಮನೆಯ ಹಿಂದೆ ಅಡಗಿ ಕೂತ ಬಾವುಟ, ಎಡಕ್ಕೆ ಹೆದರಿದವರನ್ನು ನುಂಗಲು ಒಂದು ಕೊಳ. ಆದರೆ ಆಡುವವರು ನಿಜಕ್ಕೂ ಏನನ್ನುತ್ತಾರೋ ನನಗೆ ಗೊತ್ತಿಲ್ಲ. ನನ್ನ ಮುಂದೆ ಎಲ್ಲರೂ ಹಲ್ಲು ಗಿಂಜುತ್ತಾರೆ. ನಿನ್ನ ಕಾಂಪೌಂಡ್ ಗೋಡೆಯ ಮೇಲೆ ಕೂತು ಎರಡನೇ ಹೊಡೆತಕ್ಕೆ ಕಾಯುವವರು ಯಾಕೆ ಗಿಂಜಬೇಕು? ಅವರಂದದ್ದನ್ನು ಇದ್ದ ಹಾಗೇ ಬರೆದು ಕಳಿಸು. ಸಕ್ಕರೆ ಬೆರೆಸಬೇಡ.

ಕ್ಲಬ್ಬಿನವರು ಸುತ್ತಲಿನ ಜಮೀನು ಕೊಂಡು ನಿನ್ನ ಮನೆಯನ್ನೂ ಕೊಡಿ ಎಂದು ಗಂಟು ಬಿದ್ದಿದ್ದಾಗ, ನಾನು ಮನೆಯನ್ನು ಮುಟ್ಟದೆ ದಾರಿಯನ್ನೇ ಬಗ್ಗಿಸಿದೆನಲ್ಲ, ಆ ಒಂದು ಋಣ ಇದೆ ಎಂದುಕೊ. ನಕ್ಷೆ ನೋಡಿ ನೀನು ಅತ್ತಿದ್ದೆ. ಸುತ್ತಲೂ ಹಸಿರು, ಒಂದು ವಾಹನವಿಲ್ಲ, ಸದ್ದಿಲ್ಲ. ಈ ಹೋಟೆಲ್ ಕೋಣೆಗಳಲ್ಲಿ ಮಲಗಿ ನಾನು ಹೊಟ್ಟೆಕಿಚ್ಚು ಪಡುವುದು ನಿನ್ನ ಅಂಗಳದ ಮೇಲೆ.

ಅಮ್ಮ ಆ ಅಂಗಳದಲ್ಲಿ ದಿನಾ ಓಡಾಡುತ್ತಿದ್ದಾಳೆ ತಾನೆ? ಸ್ಟ್ರೋಕ್ ಆದವರು ನಡೆಯುವುದು ನಿಲ್ಲಿಸಿದರೆ ಮತ್ತೆ ಏಳುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಮರೆಯಬೇಡಿ.

ನಿನ್ನ ತಮ್ಮ


ಫೆಬ್ರವರಿ ೨೬

ತಮ್ಮಾ,

ಅಮ್ಮನನ್ನು ನೋಡಿಕೊಳ್ಳಲು ಶಾಲೆಗೆ ರಜೆ ಹಾಕಿ ಕೂತ ಮೇಷ್ಟ್ರಮ್ಮನಿಗೆ ತಿದ್ದಲು ಉತ್ತರ ಪತ್ರಿಕೆಗಳಿಲ್ಲದೆ ಕೈ ಕಡಿಯುತ್ತಿತ್ತು. ಸರಿಯಾದ ಕೆಲಸವನ್ನೇ ಕೊಟ್ಟಿದ್ದೀಯ. ಹೆಸರು ಗೊತ್ತಿಲ್ಲದವರಿಗೆ ನಾನು ಮತ್ತು ಅಮ್ಮ ಇಟ್ಟ ಹೆಸರುಗಳೇ ಗತಿ.

ರಿಟೈರ್ಡ್ ಜಡ್ಜ್ ಹೇಳುತ್ತಾರೆ: "ಈ ಹೋಲ್ ಮಾಡಿದವನು ಬುದ್ಧಿವಂತ. ಮನೆಗೆ ಹತ್ತಿರ ಬಿದ್ದಷ್ಟೂ ಮುಂದಿನ ಹೊಡೆತ ಚಿಕ್ಕದಾಗತ್ತೆ. ಧೈರ್ಯಕ್ಕೆ ಕೂಲಿ ಕೊಡೋ ಹೋಲ್ ಇದು." ಅವರ ಜೊತೆ ಆಡುವ ಹಲ್ಲಿನ ಡಾಕ್ಟರು ಒಪ್ಪುವುದಿಲ್ಲ. "ಕಣ್ಣಿಗೇ ಕಾಣದ ಬಾವುಟಕ್ಕೆ ಹೊಡಿ ಅಂದ್ರೆ ಅದೆಂಥ ಆಟ ರೀ? ಬಾಯಿ ತೆಗೆಸದೆ ಹಲ್ಲು ಕೀಳು ಅಂದ ಹಾಗೆ." ಕೆಂಪು ಟೋಪಿಯ ಮೇಡಂ ಎಂಬುವರಿದ್ದಾರೆ. ಅವರ ದೂರು ಬೇರೆ. ಹೆಂಗಸರು ಹೊಡೆಯುವ ಜಾಗವನ್ನು ಮುಂದಕ್ಕೆ ಇಟ್ಟಿದ್ದೀಯಂತೆ, ಆದರೆ ಅಲ್ಲಿಂದ ಹೊಡೆದರೆ ನೆಟ್ಟಗೆ ಕೊಳವೇ ಎದುರಾಗುತ್ತದಂತೆ. "ಹತ್ತಿರ ಮಾಡಿಕೊಟ್ಟಿದಾರೆ, ನಿಜ. ಯಾವುದಕ್ಕೆ ಹತ್ತಿರ ಅಂತ ಮಾತ್ರ ನೋಡಿಲ್ಲ." ಇನ್ನೊಬ್ಬರು ಮೈ ಭಾರದ ಮನುಷ್ಯ, ಬಂದವರೇ ನಮ್ಮ ಗೋಡೆಯ ಮೇಲೆ ಕೂತು ಉಸ್ಸಪ್ಪಾ ಎನ್ನುತ್ತಾರೆ, ಅಮ್ಮ ಅವರಿಗೆ ಉಸ್ಸಪ್ಪ ಎಂದೇ ಹೆಸರಿಟ್ಟಿದ್ದಾಳೆ. ಬಾವುಟದ ಪಕ್ಕದ ಮರಳು ಗುಂಡಿಗೆ ಬಿದ್ದರೆ ಹಿಂದಕ್ಕೆ ಹೊಡೆದು ಹೊರಬರುವುದು ಬಿಟ್ಟು ಬೇರೆ ದಾರಿಯಿಲ್ಲ, ಅಂಥ ಗುಂಡಿ ತೋಡುವವನಿಗೆ ಮನೆಯಲ್ಲಿ ಸುಖವಿಲ್ಲ ಎಂಬುದು ಅವರ ತೀರ್ಪು.

ಎಲ್ಲರೂ ಒಪ್ಪುವ ಒಂದು ತಪ್ಪಿದೆ. ಬಲಗೈಯವರ ಚೆಂಡು ಜಾರಿದರೆ ಬಲಕ್ಕೇ ಜಾರುವುದಂತೆ. ಆಡುವವರಲ್ಲಿ ಮುಕ್ಕಾಲು ಪಾಲು ಬಲಗೈಯವರು. ಬಲಕ್ಕೆ ಇರುವುದು ನಮ್ಮ ಮನೆ.

ಕಿಟಕಿಗಳಿಗೆ ಜಾಲರಿ ಹಾಕಿಸಿದೆವು. ಒಳಗೆ ಹಗಲಲ್ಲೂ ದೀಪ ಬೇಕು. ನಿನ್ನ ಭಾವ ಔಷಧಿ ಅಂಗಡಿಗೆ ಹೊರಟಾಗ ಮನೆ ಬಾಗಿಲಲ್ಲೇ ಹೆಲ್ಮೆಟ್ ಹಾಕಿಕೊಂಡು, ಗೇಟು ದಾಟಿ ರಸ್ತೆಗೆ ಬಿದ್ದ ಮೇಲೆ ತೆಗೆದು ಸ್ಕೂಟರಿಗೆ ಸಿಕ್ಕಿಸಿಕೊಳ್ಳುತ್ತಾರೆ. ಪೊಲೀಸರು ಹಿಡಿದು ಕೇಳಿದ್ದಕ್ಕೆ ಅಪಾಯದ ಜಾಗ ದಾಟಿ ಬಂದೆ ಎಂದರಂತೆ. ಅಮ್ಮ ಬೆಳಿಗ್ಗೆ ಅದೇ ಹೆಲ್ಮೆಟ್ ಹಾಕಿಕೊಂಡು ಅಂಗಳದಲ್ಲಿ ನಡೆಯುತ್ತಾಳೆ. ನನ್ನ ತೋಳು ಹಿಡಿದು, ಎಡಗಾಲು ಎಳೆಯುತ್ತಾ. ನೋಡಿದರೆ ನಗು ಬರುತ್ತದೆ. ಪ್ರತಿ ಸಲವೂ ಬರುವುದಿಲ್ಲ.

ಅಕ್ಕ


ಮಾರ್ಚ್ ೧೯

ಅಕ್ಕಾ,

ನಿನ್ನ ಕಾಗದವನ್ನು ಆಫೀಸಿನಲ್ಲಿ ಓದಿ ಒಬ್ಬನೇ ನಕ್ಕೆ. ಹೆಲ್ಮೆಟ್ ಹಾಕಿದ ಅಮ್ಮ! ಫೋಟೋ ಇದ್ದರೆ ಕಳಿಸು.

ಜಡ್ಜ್ ಸಾಹೇಬರಿಗೆ ಎಲ್ಲ ಅರ್ಥವಾಗಿದೆ. ಹಲ್ಲಿನ ಡಾಕ್ಟರಿಗೆ ಕಾಣದ ಬಾವುಟ ಸಿಟ್ಟು ತರಿಸುತ್ತದೆ ಎಂದರೆ ಆ ಹೋಲು ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಎಲ್ಲ ಕಣ್ಣಿಗೆ ಕಾಣಿಸಿಬಿಟ್ಟರೆ ಆಡುವವನು ಯಂತ್ರ ಆಗಿಬಿಡುತ್ತಾನೆ. ಮೇಡಂ ಹೇಳಿದ್ದು ಮಾತ್ರ ಸರಿ, ಆ ಮುಂದಿನ ಜಾಗವನ್ನು ನಾನು ಕೊನೆಯ ಗಳಿಗೆಯಲ್ಲಿ ಗೆರೆ ಎಳೆದು ಇಟ್ಟದ್ದು. ಉಸ್ಸಪ್ಪನಿಗೆ ಹೇಳು, ನನಗೆ ಮನೆಯೇ ಇಲ್ಲ, ಸುಖದ ಮಾತು ಆಮೇಲೆ.

ಬಲಕ್ಕೆ ಜಾರುವ ಚೆಂಡಿನ ವಿಷಯ. ಅದು ತಪ್ಪಲ್ಲ ಅಕ್ಕಾ, ಅದೇ ಆ ಹೋಲಿನ ಜೀವ. ಮನೆ ಇದೆ ಎಂಬ ಅಳುಕೇ ಆಡುವವನ ಕೈ ನಡುಗಿಸುವುದು. ಬಯಲಾಗಿದ್ದರೆ ಕಣ್ಣು ಮುಚ್ಚಿ ಬಾರಿಸುತ್ತಿದ್ದರು. ಇಲ್ಲಿ ನನ್ನ ಮೇಲಿನ ದೊಡ್ಡವರು ಅದನ್ನೇ ಹೇಳುತ್ತಾರೆ, ಮನೆ ಇಲ್ಲದಿದ್ದರೆ ಅದು ಬರೀ ಹುಲ್ಲು ಅಂತ. ಅದಕ್ಕೇ ಇಲ್ಲಿಯೂ ಒಂದು ಮನೆ ಕಟ್ಟಿಸುತ್ತಿದ್ದಾರೆ. ಯಾರೂ ಇರುವುದಕ್ಕಲ್ಲ. ನಿನ್ನ ಮನೆಯದೇ ಅಳತೆ, ಅದೇ ಬಣ್ಣದ ಬಾಗಿಲು, ಜಾಲರಿ ಬೇರೆ ಹಾಕಿಸುತ್ತೇನೆ, ಬರೆದು ಒಳ್ಳೆಯದು ಮಾಡಿದೆ.

ಇನ್ನೂ ಬರೆ.

ತಮ್ಮ


ಮೇ ೨

ತಮ್ಮಾ,

ಇಷ್ಟು ದಿನ ಬರೆಯಲಿಲ್ಲ. ಕೆಲಸವಿತ್ತು.

ನಿನಗೆ ಬೇಕಾದ ಸುದ್ದಿಯೊಂದು ಇದೆ. ಕಳೆದ ತಿಂಗಳು ಕೆಲವು ದಿನ ನಾನು ಬಟ್ಟೆ ಒಗೆಯಲಿಲ್ಲ. ಅಷ್ಟಕ್ಕೇ ಕ್ಲಬ್ಬಿನಲ್ಲಿ ಗಲಾಟೆಯಾಗಿದೆ. ಅಮ್ಮನ ಬೆಡ್‌ಶೀಟನ್ನು ನಾನು ದಿನಾ ಒಗೆದು ಅಡುಗೆಮನೆ ಗೋಡೆಯಿಂದ ಕಂಬಕ್ಕೆ ಕಟ್ಟಿದ ತಂತಿಯ ಮೇಲೆ ಹಾಕುತ್ತೇನಲ್ಲ, ಆ ಬಿಳಿ ಬೆಡ್‌ಶೀಟೇ ಇವರೆಲ್ಲರ ಗುರಿ! ಬಾವುಟ ಕಾಣುವುದಿಲ್ಲ, ಅದು ಕಾಣುತ್ತದೆ. "ಅಜ್ಜಿ ಬೆಡ್‌ಶೀಟಿಗೆ ಹಿಡಿದು ಹೊಡಿ" ಎಂದು ಹೊಸಬರಿಗೆ ಕಲಿಸಿಕೊಡುತ್ತಾರಂತೆ. ಈ ಹೋಲನ್ನು ಕರೆಯುವುದೇ ಅಜ್ಜಿ ಮನೆ ಅಂತ. ಬೆಡ್‌ಶೀಟ್ ಇಲ್ಲದ ದಿನ ಜಡ್ಜ್ ಸಾಹೇಬರ ಚೆಂಡು ಎಲ್ಲಿಗೋ ಹೋಯಿತಂತೆ. ಮ್ಯಾನೇಜರ್ ಬಾಗಿಲಿಗೆ ಬಂದು ಕೈ ಮುಗಿದು ಕೇಳಿಕೊಂಡ. "ಮೇಡಂ, ತಪ್ಪು ತಿಳೀಬೇಡಿ. ದಿನಾ ಏಳು ಗಂಟೆ ಒಳಗೆ ಒಂದು ಬಿಳಿ ಬೆಡ್‌ಶೀಟ್ ಬಿದ್ದಿರಲಿ. ಒದ್ದೆ ಇರಲೇಬೇಕು ಅಂತೇನಿಲ್ಲ."

ಇರಲಿ. ನಾನು ನಿನ್ನನ್ನು ಕೇಳಬೇಕಾದ ಮಾತು ಬೇರೆ. ಗೋಡೆಯನ್ನು ಸೊಂಟಕ್ಕಿಂತ ಎತ್ತರ ಮಾಡುವುದಿಲ್ಲ, ಎತ್ತರದ ಬಲೆ ಕಟ್ಟುವುದಿಲ್ಲ ಎಂದು ಆವತ್ತು ಕ್ಲಬ್ಬಿನ ಪರವಾಗಿ ನೀನು ತಂದ ಕಾಗದಕ್ಕೆ ನಾನೂ ಭಾವನೂ ಸಹಿ ಹಾಕಿದ್ದೆವು. ಅದನ್ನು ಬದಲಾಯಿಸಲು ಆಗುತ್ತದೆಯೇ? ಅಥವಾ ಹೊಡೆಯುವ ಜಾಗವನ್ನು ಕೊಳದ ಆಚೆಗೆ ಸರಿಸಲು? ಅಮ್ಮನಿಗೆ ಬಿಸಿಲು ಬೇಕು. ಈಗ ಅವಳು ನಡೆಯುವುದು ಮಂಚದಿಂದ ಬೀರುವಿನ ತನಕ, ಬೀರುವಿನಿಂದ ಮಂಚದ ತನಕ. ಮನೆ ಮಾರಿ ಹೋಗೋಣವೆಂದರೆ ನೋಡಲು ಬಂದವರು ಸೂರಿನ ಮೇಲೆ ಒಂದು ಚೆಂಡು ಬಿದ್ದ ಸದ್ದಿಗೇ ಎದ್ದು ಹೋಗುತ್ತಾರೆ. ಶಾಲೆಯವರು ಬರುತ್ತೀಯೋ ಬಿಡುತ್ತೀಯೋ ಎನ್ನುತ್ತಿದ್ದಾರೆ.

ಒಂದು ಸಾಲು ಉತ್ತರ ಬರೆದರೂ ಸಾಕು. ಆಗುತ್ತದೆ, ಇಲ್ಲ ಆಗುವುದಿಲ್ಲ.

ಅಕ್ಕ


ಮೇ ೨೦

ಅಕ್ಕಾ,

ಬೆಡ್‌ಶೀಟ್! ನಾನು ಇಷ್ಟು ವರ್ಷ ಆ ನಕ್ಷೆ ನೋಡುತ್ತಿದ್ದೇನೆ, ನನಗೆ ಹೊಳೆದಿರಲಿಲ್ಲ. ದೊಡ್ಡವರಿಗೆ ಹೇಳಿದೆ, ಕುರ್ಚಿಯಿಂದ ಎದ್ದು ಬಂದು ಬೆನ್ನು ತಟ್ಟಿದರು. ಇಲ್ಲಿಯ ಮನೆಗೂ ತಂತಿ ಕಟ್ಟಿಸಿ ಬಿಳಿ ಬಣ್ಣದ ತಗಡಿನ ಬೆಡ್‌ಶೀಟ್ ಹಾಕಿಸುತ್ತಿದ್ದಾರೆ. ಒಗೆಯುವ ಕಷ್ಟವಿಲ್ಲ.

ನನಗೊಂದು ವಿವರ ಬೇಕೇ ಬೇಕು. ಬೆಡ್‌ಶೀಟ್ ಇಲ್ಲದ ಆ ದಿನಗಳು ಯಾವುವು? ಆವತ್ತು ಚೆಂಡುಗಳು ಎಲ್ಲೆಲ್ಲಿ ಬಿದ್ದವು? ಕೊಳಕ್ಕೆ ಹೆಚ್ಚು ಹೋದವೇ, ಮನೆ ಕಡೆಗೆ ಹೆಚ್ಚು ಬಂದವೇ? ಗುರಿ ಇದ್ದಾಗ ಮತ್ತು ಇಲ್ಲದಾಗ ಒಂದೇ ಹೋಲು ಹೇಗೆ ಬೇರೆಯಾಗುತ್ತದೆ ಎಂಬ ವಿವರ ಬೇಕೆಂದು ಹುಡುಕಿದರೂ ಸಿಗುವುದಿಲ್ಲ. ನಿನ್ನ ಸೋಮಾರಿತನ ನನಗೆ ಭಾಗ್ಯವಾಯಿತು.

ಬಲೆಯ ವಿಷಯ ಈಗ ಬೇಡ. ಅಕ್ಟೋಬರ್‌ನಲ್ಲಿ ತೀರ್ಪುಗಾರರ ಒಂದು ತಂಡ ಊರೂರು ತಿರುಗಿ ಅತ್ಯುತ್ತಮ ಹೋಲುಗಳನ್ನು ಆರಿಸುತ್ತದೆ. ನಮ್ಮದೂ ಪಟ್ಟಿಯಲ್ಲಿದೆ. ಅದು ಮುಗಿಯಲಿ. ಅಲ್ಲಿಯ ತನಕ ಅಮ್ಮನನ್ನು ಆಟ ಶುರುವಾಗುವ ಮೊದಲೇ ಅಂಗಳಕ್ಕೆ ಕರೆದುಕೊಂಡು ಹೋಗು. ಫೋನಿನಲ್ಲಿ ಕೇಳಿದರೆ ಚೆನ್ನಾಗಿದ್ದೀನಿ, ನಡೀತಿದ್ದೀನಿ ಎಂದಳಲ್ಲ?

ತಮ್ಮ


ಜೂನ್ ೧

ಬೆಡ್‌ಶೀಟ್ ಯಾಕಿರಲಿಲ್ಲ ಎಂದು ಕೇಳಿದೆ. ಹೇಳುತ್ತೇನೆ.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ, ಆಟ ಶುರುವಾಗುವ ಮೊದಲೇ, ಅಮ್ಮ ಅಂಗಳದಲ್ಲಿದ್ದಳು. ಯಾರೋ ಬೇಗ ಬಂದಿದ್ದರು. ಅಮ್ಮ ಬೆಡ್‌ಶೀಟಿನ ಹಿಂದೆ ಇದ್ದಳು, ಹಾಗಾಗಿ ಅಲ್ಲಿಂದ ಕಾಣಲಿಲ್ಲ. ಚೆಂಡು ಬರುತ್ತಿದೆ, ಸರಿಯಿರಿ ಎನ್ನಲು ಇವರು ಫೋರ್ ಎಂದು ಕೂಗುತ್ತಾರೆ, ಆ ಕೂಗು ಕೇಳಿಸಿತು. ಕೂಗಿದರೆ ಅವಳು ಎಲ್ಲಿಗೆ ಓಡಬೇಕು? ತಲೆಗೆ ಹೆಲ್ಮೆಟ್ ಇತ್ತು. ಚೆಂಡು ಬಲಗಡೆ ಹೆಗಲ ಮೂಳೆಗೆ ಬಿತ್ತು. ಮೂಳೆ ಮುರಿಯಿತು. ಸ್ವಾಧೀನವಿದ್ದದ್ದು ಆ ಒಂದು ಕೈಯೇ ಅಲ್ಲವೇ, ಅದನ್ನೂ ಕಟ್ಟಿ ಹಾಕಿದರು. ಅಮ್ಮ ಆಸ್ಪತ್ರೆಯಲ್ಲಿದ್ದಳು, ಆದ್ದರಿಂದ ಒಗೆಯಲು ಬೆಡ್‌ಶೀಟ್ ಇರಲಿಲ್ಲ.

ಯಾರು ಹೊಡೆದದ್ದೆಂದು ಯಾರೂ ಹೇಳಲಿಲ್ಲ. ಮ್ಯಾನೇಜರ್ ಹಣ್ಣು ತಂದ.

ಅಮ್ಮ ನನ್ನ ಕೈಯಿಂದ ಆಣೆ ಹಾಕಿಸಿಕೊಂಡಿದ್ದಾಳೆ. "ಅವನಿಗೆ ಹೇಳಬೇಡ ಕಣೇ. ಅವನ ಹೋಲು ಕೆಟ್ಟುಹೋಗತ್ತೆ." ಫೋನಿನಲ್ಲಿ ನಿನಗೆ ಚೆನ್ನಾಗಿದ್ದೀನಿ ಎಂದಾಗ ರಿಸೀವರ್ ಹಿಡಿದಿದ್ದು ನಾನು. ಆಣೆ ಮುರಿದಿದ್ದೇನೆ. ನಿನ್ನ ಪ್ರಶ್ನೆ ಓದಿದ ಮೇಲೆ ಬಾಯಿ ಮುಚ್ಚಿಕೊಂಡಿರಲು ನನ್ನಿಂದಾಗಲಿಲ್ಲ.

ಚೆಂಡುಗಳು ಎಲ್ಲೆಲ್ಲಿ ಬಿದ್ದವೋ ನೋಡಲು ಮನೆಯಲ್ಲಿ ಯಾರೂ ಇರಲಿಲ್ಲ.


ಜೂನ್ ೯

ಅಕ್ಕಾ,

ಓದಿದೆ. ಸೋಮಾರಿತನ ಎಂದು ಬರೆದಿದ್ದೆನಲ್ಲ, ಆ ಸಾಲನ್ನು ಹೊಡೆದುಹಾಕು. ಕ್ಲಬ್ಬಿಗೆ ಬರೆದಿದ್ದೇನೆ. ಉತ್ತರ ಬಂದ ಕೂಡಲೇ ತಿಳಿಸುತ್ತೇನೆ.


ಜೂನ್ ೩೦

ಅಕ್ಕಾ,

ಆಗುವುದಿಲ್ಲ ಎಂದರು.

ಹೊಡೆಯುವ ಜಾಗ ಸರಿಸಿ ಎಂದು ಬೇಡಿಕೊಂಡೆ. ತಂಡ ಬಂದು ಹೋಗುವ ತನಕ ಒಂದು ಹುಲ್ಲುಕಡ್ಡಿ ಅಲ್ಲಾಡಿಸುವುದಿಲ್ಲವಂತೆ, ಆಮೇಲೆ ಆಯ್ಕೆಯಾಗಿಬಿಟ್ಟರೆ ಎಂದೆಂದಿಗೂ ಅಲ್ಲಾಡಿಸುವುದಿಲ್ಲವಂತೆ. ನಾನೇ ಬರೆದ ನಕ್ಷೆ, ನಾನೇ ಕೇಳುತ್ತಿದ್ದೇನೆ ಎಂದರೆ, ಈಗ ಅದು ನಿಮ್ಮದಲ್ಲ ಎಂದು ಮರ್ಯಾದೆಯಿಂದ ಬರೆದಿದ್ದಾರೆ. ದೊಡ್ಡವರ ಹತ್ತಿರ ಹೋದೆ. ಅವರು ಬಾಗಿಲು ಹಾಕಿ ಹೇಳಿದರು: "ಆ ಹೋಲು ಅಪಾಯ ಅಂತ ನೀನೇ ಬರೆದು ಕೊಟ್ರೆ, ನಾವು ಕಟ್ತಿರೋ ಅಷ್ಟೂ ಮನೆಗಳ ಗತಿ ಏನಪ್ಪಾ?"

ನಿನಗೆ ಹೇಳದ ಮಾತು ಒಂದಿದೆ. ಇಲ್ಲಿಗೆ ಬಂದ ಮೇಲೆ ನಾನು ಹೊಸದೊಂದು ಗೆರೆ ಎಳೆದಿಲ್ಲ. ಹೋದಲ್ಲೆಲ್ಲ ನಿನ್ನ ಮನೆಯನ್ನೇ ಬರೆಯುತ್ತೇನೆ. ಮುಂಬಾಗಿಲ ಮೆಟ್ಟಿಲಿನ ಬಿರುಕು ಕೂಡ ಬೇಕಂತೆ, ಅದನ್ನೂ ಬರೆಯುತ್ತೇನೆ. ಬಿಟ್ಟು ಬರುವ ಹಾಗಿಲ್ಲ, ಒಪ್ಪಂದ ಹಾಗಿದೆ. ನಿನಗೆ ಆ ಮನೆಯಿಂದ ಹೊರಬರಲು ಆಗುತ್ತಿಲ್ಲ, ನನಗೂ ಅಷ್ಟೇ.

ಈಗ ಗಮನವಿಟ್ಟು ಓದು. ಕಾಗದ ಯಾರಿಗೂ ತೋರಿಸಬೇಡ. ಇವರು ಬಾವುಟ ನೋಡಿ ಹೊಡೆಯುತ್ತಿಲ್ಲ, ಬೆಡ್‌ಶೀಟ್ ನೋಡಿ ಹೊಡೆಯುತ್ತಾರೆ ಎಂದೆಯಲ್ಲ. ಅಂದರೆ ಆ ಹೋಲಿನ ನಕ್ಷೆ ಇರುವುದು ಕ್ಲಬ್ಬಿನ ಬೀರುವಿನಲ್ಲಲ್ಲ, ನಿನ್ನ ತಂತಿಯ ಮೇಲೆ. ಭಾವನಿಗೆ ಹೇಳಿ ಕಂಬದಿಂದ ಅಂಗಳದ ಎಡತುದಿಯ ನೀರಿನ ತೊಟ್ಟಿಯ ತನಕ ತಂತಿ ಎಳೆಸು. ಬೆಡ್‌ಶೀಟನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಡಕ್ಕೆ ಸರಿಸುತ್ತಾ ಹೋಗು. ಒಂದೇ ಸಲ ಸರಿಸಿದರೆ ಗೊತ್ತಾಗುತ್ತದೆ. ತೊಟ್ಟಿಯ ತನಕ ಹೋದರೆ ಜಾರಿದ ಚೆಂಡೂ ಗೋಡೆಯ ಹೊರಗೇ ಬೀಳುತ್ತದೆ. ನಾನು ಲೆಕ್ಕ ಹಾಕಿ ನೋಡಿದ್ದೇನೆ.

ಅಮ್ಮನಿಗೆ ನಾನು ಹೇಳಿದೆನೆಂದು ಹೇಳಬೇಡ. ಅವಳಿಗೆ ಪೆಟ್ಟಾದದ್ದು ನನಗೆ ಗೊತ್ತಿಲ್ಲ ಎಂದೇ ಇರಲಿ.

ತಮ್ಮ


ಆಗಸ್ಟ್ ೧೨

ತಮ್ಮಾ,

ಬೆಡ್‌ಶೀಟ್ ಈಗ ತೊಟ್ಟಿಯ ಪಕ್ಕದಲ್ಲಿದೆ. ಭಾವ ತಂತಿ ಎಳೆದು, ನಾನು ಕೇಳುವ ಮೊದಲೇ, ನನಗೇನೂ ಗೊತ್ತಿಲ್ಲಪ್ಪ ಎಂದು ಅಂಗಡಿಗೆ ಹೊರಟರು.

ನಿನ್ನ ಗಿರಾಕಿಗಳ ಹೊಸ ಅಭಿಪ್ರಾಯಗಳು ಇಂತಿವೆ. ಜಡ್ಜ್: "ಈ ಹೋಲು ವಯಸ್ಸಾದ ಹಾಗೆ ಮಾಗ್ತಾ ಇದೆ. ನನ್ನ ಆಟ ಸುಧಾರಿಸಿದೆ ನೋಡಿ." ಹಲ್ಲಿನ ಡಾಕ್ಟರು: "ಸುಧಾರಿಸಿದ್ದು ಎಲ್ಲಿ? ಮೊದಲು ಎರಡನೇ ಹೊಡೆತಕ್ಕೆ ತಲುಪ್ತಿದ್ದೆ, ಈಗ ಮೂರು ಬೇಕು. ವಿನ್ಯಾಸದಲ್ಲೇ ಏನೋ ಐಬಿದೆ." ಉಸ್ಸಪ್ಪ ಕೊಳವನ್ನು ರಾತ್ರೋರಾತ್ರಿ ದೊಡ್ಡದು ಮಾಡಿದ್ದಾರೆ ಎಂದು ಕ್ಲಬ್ಬಿಗೆ ದೂರು ಕೊಟ್ಟಿದ್ದಾರೆ. ಮ್ಯಾನೇಜರ್ ಟೇಪು ಹಿಡಿದು ಕೊಳ ಅಳೆದ. ಸರಿಯಾಗೇ ಇತ್ತು. ಕೆಂಪು ಟೋಪಿಯ ಮೇಡಂ ಮಾತ್ರ ಬೆಡ್‌ಶೀಟನ್ನೂ ನೋಡಿದರು, ಜಾಲರಿಯ ಹಿಂದೆ ಕೂತ ನನ್ನನ್ನೂ ನೋಡಿದರು. ಮಾರನೆಯ ದಿನದಿಂದ ತೊಟ್ಟಿಗೇ ಹಿಡಿದು ಹೊಡೆಯುತ್ತಿದ್ದಾರೆ.

ಅಂಗಳಕ್ಕೆ ಚೆಂಡು ಬೀಳುವುದು ನಿಂತಿದೆ. ಆದರೆ ಅಮ್ಮ ಹೊರಗೆ ಬರುತ್ತಿಲ್ಲ. ಬಾಗಿಲ ತನಕ ಕರೆದುಕೊಂಡು ಹೋದರೆ ಬಾಗಿಲ ಚೌಕಟ್ಟನ್ನು ಹಿಡಿದು ನಿಂತುಬಿಡುತ್ತಾಳೆ. ಕಾಲು ಏಳುವುದಿಲ್ಲ ಎನ್ನುತ್ತಾಳೆ. ಏಳದೆ ಇರುವುದು ಕಾಲಲ್ಲ. ಕಿಟಕಿಯ ಹತ್ತಿರ ಕೂತು ಆಟ ನೋಡುತ್ತಾಳೆ, ಗೋಡೆ ಮೇಲಿನವರ ಮಾತು ಒಂದೂ ಬಿಡದೆ ಕೇಳಿಸಿಕೊಳ್ಳುತ್ತಾಳೆ. ನಿನ್ನೆ ನನ್ನನ್ನು ಕರೆದು ಕೇಳಿದಳು. "ಬೆಡ್‌ಶೀಟ್ ಯಾಕೆ ಅಷ್ಟು ದೂರ ಹಾಕ್ತೀಯ?" ಅಲ್ಲಿ ಬಿಸಿಲು ಜಾಸ್ತಿ ಎಂದೆ. ಒಪ್ಪಿದ ಹಾಗೆ ತಲೆ ಆಡಿಸಿದಳು. ನನಗೆ ಆ ತಲೆ ಆಡಿಸುವಿಕೆ ಚಿಕ್ಕಂದಿನಿಂದ ಗೊತ್ತು, ಒಪ್ಪಿಲ್ಲ ಎಂದರ್ಥ.

ಅಕ್ಕ


ಅಕ್ಟೋಬರ್ ೧೪

ತಮ್ಮಾ,

ತೀರ್ಪುಗಾರರು ಬಂದ ದಿನ ನಾನು ಮನೆಯಲ್ಲಿರಲಿಲ್ಲ. ರಜೆ ಮುಂದುವರಿಸಬೇಕಾದರೆ ಖುದ್ದಾಗಿ ಬಂದು ಸಹಿ ಹಾಕಿ ಎಂದು ಶಾಲೆಯವರು ಹಟ ಹಿಡಿದಿದ್ದರು. ಬೆಡ್‌ಶೀಟನ್ನು ತೊಟ್ಟಿಯ ಹತ್ತಿರ ಹಾಕಿ, ಅಮ್ಮ ಮಲಗಿದ್ದನ್ನು ನೋಡಿ, ಓಡಿ ಹೋಗಿ ಓಡಿ ಬಂದೆ.

ರಸ್ತೆಯಿಂದಲೇ ಕಂಡಿತು. ಹೊಡೆಯುವ ಜಾಗದಲ್ಲಿ ಜನ ಗುಂಪು ಕಟ್ಟಿ ನಿಂತಿದ್ದಾರೆ, ಹಿಂದೆ ಇನ್ನೆರಡು ತಂಡಗಳು ಬಂದು ಸೇರಿಕೊಂಡಿವೆ, ಯಾರೂ ಹೊಡೆಯುತ್ತಿಲ್ಲ. ಎಲ್ಲರೂ ನಮ್ಮ ಮನೆಯನ್ನೇ ನೋಡುತ್ತಿದ್ದಾರೆ. ಗೇಟಿಗೆ ಓಡಿದೆ.

ಅಮ್ಮ ಅಂಗಳದಲ್ಲಿ ನಿಂತಿದ್ದಳು. ಹೆಲ್ಮೆಟ್ ಇರಲಿಲ್ಲ. ಬೆಡ್‌ಶೀಟ್ ಹಳೆಯ ಜಾಗದಲ್ಲಿ, ಒಂದು ತುದಿ ತಂತಿಯ ಮೇಲೆ, ಇನ್ನೊಂದು ತುದಿ ಮಣ್ಣಿನಲ್ಲಿ. ತೀರ್ಪುಗಾರರು ಬರುವುದು ಗೋಡೆ ಮೇಲಿನವರ ಮಾತಿನಿಂದ ತಿಳಿದು, ಒಂದೇ ಕೈಯಲ್ಲಿ ತೊಟ್ಟಿಯ ಹತ್ತಿರದಿಂದ ಇಲ್ಲಿಗೆ ಎಳೆದು ತಂದು ಹಾಕಿದ್ದಾಳೆ. ಏಪ್ರಿಲ್‌ನಿಂದ ಬಾಗಿಲು ದಾಟದವಳು. ಬೆಡ್‌ಶೀಟಿನ ಮುಂದೆ, ಎಲ್ಲರಿಗೂ ಕಾಣುವ ಹಾಗೆ, ಕಂಬ ಹಿಡಿದು ನಿಂತಿದ್ದಾಳೆ.

"ಯಾಕೆ ಹೊಡೀತಿಲ್ಲ ಅವರು?" ಎಂದು ನನ್ನನ್ನೇ ಕೇಳಿದಳು. "ಸರಿಯಾದ ಜಾಗಕ್ಕೇ ಹಾಕಿದೀನಲ್ಲ."

"ನೀನು ಅಲ್ಲಿ ನಿಂತಿದೀಯಲ್ಲಮ್ಮಾ. ಮನುಷ್ಯರು ನಿಂತಿರೋ ಕಡೆಗೆ ಹೊಡೀಬಾರದು ಅಂತ ಅವರಲ್ಲಿ ನಿಯಮ."

"ನಾನೇನು ಅಡ್ಡ ಬಂದೆನಾ? ಹೊಡೀಲಿ ಅಂತ ಹೇಳು. ಪಕ್ಕಕ್ಕೆ ಹೋಗೋಣ ಅಂದ್ರೆ ಈಗ ಕಾಲು ಬರ್ತಿಲ್ಲ ಕಣೇ."

ಒಳಗೆ ಕರೆದೊಯ್ಯೋಣವೆಂದರೆ ಕಂಬ ಬಿಡಳು. ಅಷ್ಟರಲ್ಲಿ ತೀರ್ಪುಗಾರರಲ್ಲಿ ಹಿರಿಯರೊಬ್ಬರು ಹುಲ್ಲಿನ ಮೇಲೆ ನಡೆದು ನಮ್ಮ ಗೋಡೆಯ ತನಕ ಬಂದರು. ಬಿಳಿ ಗಡ್ಡ, ಸಾವಧಾನದ ಮಾತು.

"ಅಮ್ಮಾ, ನೀವು ಈ ಮನೇಲಿ ಇರ್ತೀರಾ?"

"ಹೂಂ. ಇದನ್ನೆಲ್ಲ ಮಾಡಿದ್ದು ನನ್ನ ಮಗ."

"ಇದು ಬರೀ ಆಟಕ್ಕೆ ಕಟ್ಟಿರೋ ಮನೆ ಅಂದ್ಕೊಂಡಿದ್ದೆ. ಚೆಂಡು ಒಳಗೆ ಬೀಳಲ್ವಾ?"

"ಬೀಳತ್ತೆ. ಪೆಟ್ಟಾಗಿದ್ದು ಒಂದೇ ಸಲ. ಅದು ಅವನಿಗೆ ಗೊತ್ತಿಲ್ಲ, ನೀವೂ ಹೇಳಬೇಡಿ. ಅವನ ಹೋಲಿಗೆ ಒಳ್ಳೇ ಅಂಕ ಕೊಡಿ."

ಅವರು ಅಮ್ಮನ ಎಳೆಯುವ ಕಾಲನ್ನು ನೋಡಿದರು, ವಾಲಿದ ಹೆಗಲನ್ನು ನೋಡಿದರು, ತಿರುಗಿ ಹೊಡೆಯುವ ಜಾಗವನ್ನು ನೋಡಿದರು. ಆಮೇಲೆ ನನಗೆ ಹೇಳಿದರು. "ನಾನು ಇಂಥದ್ದು ಬಹಳ ನೋಡಿದೀನಿ ತಾಯೀ. ಕಷ್ಟದ ಹೋಲಿಗೆ ಅಂಕ ಕೊಡಬಹುದು. ಇದಕ್ಕೆ ಹೇಗೆ ಕೊಡಲಿ?" ವಾಪಸು ಹೋಗಿ ತಮ್ಮ ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡು ಮುಂದಿನ ಹೋಲಿಗೆ ನಡೆದರು. ಅವರ ಹಿಂದೆ ಎಲ್ಲರೂ ನಡೆದರು. ಆವತ್ತು ಹನ್ನೊಂದನೆಯದನ್ನು ಯಾರೂ ಆಡಲಿಲ್ಲ. ಉಸ್ಸಪ್ಪ ಗೋಡೆ ಹಾರಲಾರದೆ ಗೇಟಿನಿಂದ ಬಂದು ಅಮ್ಮನನ್ನು ಒಳಗೆ ಕರೆದೊಯ್ಯಲು ಕೈ ಜೋಡಿಸಿದರು.

ನಿನ್ನೆ ಮ್ಯಾನೇಜರ್ ಬಂದಿದ್ದ. ಅಂಕವೇ ಸಿಗದ ಹೋಲನ್ನು ಇಟ್ಟುಕೊಂಡು ಏನು ಮಾಡುವುದೆಂದು ಹೊಡೆಯುವ ಜಾಗವನ್ನು ಕೊಳದ ಆಚೆಗೆ ಹಾಕುತ್ತಾರಂತೆ. ನಮ್ಮ ಮನೆ ಇನ್ನು ಅವರ ಬೆನ್ನ ಹಿಂದೆ ಉಳಿಯುತ್ತದೆ. ಬಾವುಟ ನೇರ ಕಾಣುತ್ತದಂತೆ. ಬೆಡ್‌ಶೀಟ್ ಬೇಡವಂತೆ.

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. "ಒಳ್ಳೇದು ಮಾಡೋಕೆ ಹೋಗಿ ಅವನ ಹೋಲು ಕೆಡಿಸಿಬಿಟ್ಟೆ" ಎಂದು ಗೋಡೆ ಕಡೆ ತಿರುಗಿ ಮಲಗುತ್ತಾಳೆ. ನಾನು ಹೇಳಿದರೆ ನಂಬುವುದಿಲ್ಲ. ನೀನೇ ಬರೆ. ನನಗಲ್ಲ, ಅವಳಿಗೆ.

ಅಕ್ಕ


ನವೆಂಬರ್ ೫

ಅಮ್ಮಾ,

ಇಷ್ಟು ವರ್ಷ ಎಲ್ಲ ಕಾಗದವನ್ನೂ ಅಕ್ಕನಿಗೇ ಬರೆದೆ. ಇದು ನಿನಗೆ. ಅಕ್ಕ ನಿಧಾನವಾಗಿ ಓದಲಿ.

ನಿನಗೆ ಪೆಟ್ಟಾದದ್ದು ನನಗೆ ಜೂನ್‌ನಲ್ಲೇ ಗೊತ್ತು. ಬೆಡ್‌ಶೀಟನ್ನು ಎಡಕ್ಕೆ ಸರಿಸು ಎಂದು ಅಕ್ಕನಿಗೆ ಹೇಳಿದವನು ನಾನೇ. ನನ್ನ ಹೋಲನ್ನು ಕೆಡಿಸಲು ಶುರು ಮಾಡಿದ್ದು ನಾನು, ನೀನು ಅದನ್ನು ಉಳಿಸಲು ಹೋಗಿ ಮುಗಿಸಿಕೊಟ್ಟೆ. ನನ್ನಿಂದ ಆಗದೆ ಇದ್ದದ್ದನ್ನು ನೀನು ಕಂಬ ಹಿಡಿದು ನಿಂತು ಮಾಡಿದೆ. ಊಟ ಮಾಡು ಅಮ್ಮ.

ಇಲ್ಲಿ ಕೆಲಸ ನಿಲ್ಲಬಹುದು, ನನ್ನನ್ನು ಬಿಟ್ಟುಬಿಡಬಹುದು ಎಂದುಕೊಂಡಿದ್ದೆ. ದೊಡ್ಡವರು ನಕ್ಕರು. ಅಸಲಿ ಹೋಯಿತಲ್ಲ, ಇನ್ನು ನಮ್ಮದೇ ಅಸಲಿ ಎಂದರು. ಇನ್ನೂ ಕೆಲವು ಮನೆ ಕಟ್ಟುವುದಿದೆ. ನಿನ್ನೆ ಒಂದಕ್ಕೆ ಬಾಗಿಲು ಕೂರಿಸಿದರು. ನಾನು ಒಳಗೆ ಹೋಗಿ ನೋಡಿದೆ, ಏನೂ ಇಲ್ಲ, ಹಿಂದಿನ ಗೋಡೆಯನ್ನೇ ಕಟ್ಟಿಲ್ಲ. ಗಾಳಿ ಬೀಸಿದರೆ ತಗಡಿನ ಬೆಡ್‌ಶೀಟ್ ಸದ್ದು ಮಾಡುತ್ತದೆ.

ಆ ಹೋಲಿನ ಬಗ್ಗೆ ಊರವರ ಅಭಿಪ್ರಾಯವನ್ನೆಲ್ಲ ಕೇಳಿದೆ. ನಿನ್ನನ್ನು ಒಂದು ಸಲವೂ ಕೇಳಲಿಲ್ಲ. ನೀನು ಅದನ್ನು ಎಲ್ಲರಿಗಿಂತ ಹೆಚ್ಚು ನೋಡಿದ್ದೀಯ. ಏನು ಸರಿಯಿತ್ತು, ಏನು ತಪ್ಪಿತ್ತು, ಹೇಳು. ಮಗ ಎಂದು ಸಕ್ಕರೆ ಬೆರೆಸಬೇಡ.

ನಿನ್ನ ಮಗ


ನವೆಂಬರ್ ೨೩

(ಅಮ್ಮ ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಒಂದು ಅಕ್ಷರ ತಿದ್ದಬಾರದೆಂದು ಕಟ್ಟಪ್ಪಣೆಯಾಗಿದೆ. ಅಕ್ಕ)

ಮಗನೇ,

ಎಲ್ಲಾ ನೀವೇ ಮಾಡಿಕೊಂಡು ನನಗೆ ಹೇಳಲಿಲ್ಲ ಅಂತ ನಿಮ್ಮಿಬ್ಬರ ಮೇಲೂ ಸಿಟ್ಟಿದೆ. ನಾನೂ ನಿನಗೆ ಹೇಳಿರಲಿಲ್ಲ, ಅದಕ್ಕೆ ಜಾಸ್ತಿ ಬೈಯಲ್ಲ. ಊಟ ಮಾಡ್ತಿದ್ದೀನಿ.

ನೀನು ಕೇಳಿದ್ದಕ್ಕೆ ಹೇಳ್ತೀನಿ. ನಿನ್ನ ಹೋಲು ಚೆನ್ನಾಗಿತ್ತು. ಜಾಲರಿಯಿಂದ ನೋಡಿದ್ರೆ ಗೊತ್ತಾಗ್ತಿರಲಿಲ್ಲ. ಆವತ್ತು ಕಂಬದ ಹತ್ತಿರ ನಿಂತಾಗ ಪೂರಾ ಕಾಣಿಸ್ತು. ಆ ಕೊಳ, ಆ ತಿರುವು, ಹುಲ್ಲು ಏರಿ ಇಳಿಯೋದು. ಇಷ್ಟೆಲ್ಲ ನನ್ನ ಮಗನ ತಲೆಯೊಳಗಿತ್ತಾ ಅನ್ನಿಸ್ತು. ಆ ಹೆಂಗಸು, ಕೆಂಪು ಟೋಪಿ, ಈಗ ಬೆಳಿಗ್ಗೆ ಗೋಡೆ ಹತ್ತಿರ ನಿಂತು ಮಾತಾಡಿಸಿ ಹೋಗ್ತಾಳೆ. ಹೊಸದು ಸಪ್ಪೆ ಅಂತಾಳೆ.

ಒಂದೇ ಒಂದು ತಪ್ಪು. ನಾನು ಅಲ್ಲಿ ಅಷ್ಟು ಹೊತ್ತು ನಿಂತಿದ್ದು ನಿಲ್ಲಬೇಕು ಅಂತಲ್ಲ. ಕಾಲು ಸೋತಿತ್ತು, ಸುತ್ತ ನೋಡಿದೆ. ಅಷ್ಟು ದೊಡ್ಡ ಜಾಗ ಮಾಡಿದೀಯ, ಚೆಂಡಿಗೆ ಜಾಗ ಇಟ್ಟಿದೀಯ, ನೀರಿಗೆ ಇಟ್ಟಿದೀಯ, ಮರಳಿಗೆ ಇಟ್ಟಿದೀಯ. ಕೂರೋಕೆ ಎಲ್ಲೂ ಒಂದು ಜಾಗ ಇಟ್ಟಿಲ್ಲ.

ಈಗ ನಿನ್ನ ಭಾವ ಅಂಗಳಕ್ಕೆ ಒಂದು ಕುರ್ಚಿ ಹಾಕಿಕೊಟ್ಟಿದಾರೆ. ಅದರ ಮೇಲೇ ಕೂತು ಇದನ್ನ ಹೇಳ್ತಿದ್ದೀನಿ.

ನೀನು ಅಷ್ಟೊಂದು ಮನೆ ಕಟ್ಟಿದೀಯಲ್ಲ ಮಗನೇ, ನಿನಗೆ ಅಲ್ಲಿ ಕೂರೋಕೆ ಜಾಗ ಇದೆಯಾ?

ಅಮ್ಮ